ಹರಾಜು ಕೂಗಬೇಕಾ, ನಿಗದಿ ಬೆಲೆಗೆ ಕೊಳ್ಳಬೇಕಾ?

ಡೊಂಬಿವಲಿಯ ನಮ್ಮ ಪಕ್ಕದ ಮನೆ ಹುಡುಗನಿಗೆ ಹಳೇ ಕೈಗಡಿಯಾರದ ಹುಚ್ಚು. "ಅಂಕಲ್, ಆನ್‌ಲೈನ್ ಹರಾಜಿನಲ್ಲಿ ಕೂಗಲಾ, ಇಲ್ಲಾ ಹೇಳಿದ ಬೆಲೆ ಕೊಟ್ಟುಬಿಡಲಾ?" ಎಂದು ಕೇಳಿದ.

ನಿಗದಿ ಬೆಲೆ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಪ್ಪಿದರೆ ಕೊಳ್ಳಿ, ಇಲ್ಲವಾದರೆ ಬಿಡಿ.

ಹರಾಜಿನ ಕತೆ ಬೇರೆ. ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ನಿಮ್ಮ ಗರಿಷ್ಠ ಮೊತ್ತವನ್ನು ಒಮ್ಮೆ ಹಾಕಿದರೆ ಸಾಕು, ಕಂಪ್ಯೂಟರೇ ನಿಮ್ಮ ಪರವಾಗಿ ಕೂಗುತ್ತದೆ. ಗೆದ್ದರೆ ಎರಡನೆಯವರ ಮೊತ್ತಕ್ಕಿಂತ ಚೂರು ಹೆಚ್ಚು ಕೊಟ್ಟರಾಯಿತು. ಎರಡನೇ ಬೆಲೆಯ ಇಂಥ ಹರಾಜಿನಲ್ಲಿ ಮನಸ್ಸಿನಲ್ಲಿರುವ ನಿಜ ಬೆಲೆಯನ್ನೇ ಹೇಳುವುದು ಲಾಭ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು. ಆದರೆ ಜನ ಹಾಗೆ ಮಾಡಬೇಕಲ್ವಾ! ಯಾರೋ ನಮ್ಮನ್ನು ಮೀರಿಸಿದರು ಎಂದು ಮೊಬೈಲ್ ಟಿಂಗ್ ಎಂದರೆ ಸಾಕು, ಹಠ ಏರುತ್ತದೆ. 2011ರಲ್ಲಿ ಲೀ ಮತ್ತು ಮಾಲ್ಮೆಂಡಿಯರ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನ ನೋಡಿ. ಒಂದು ಬೋರ್ಡ್ ಆಟದ ಇಬೇ ಹರಾಜುಗಳಲ್ಲಿ 42% ಎಷ್ಟಕ್ಕೆ ಮುಗಿದವು ಗೊತ್ತಾ? ಅದೇ ಹೊತ್ತಿಗೆ ಅದೇ ತಾಣದಲ್ಲಿದ್ದ ನಿಗದಿ ಬೆಲೆಗಿಂತ ಜಾಸ್ತಿಗೆ!

ಕೊನೇ ಸೆಕೆಂಡಿನಲ್ಲಿ ಕೂಗುವವರನ್ನು ಮಾತ್ರ ಪೆದ್ದರು ಎನ್ನಲಾರೆ. ಎದುರಾಳಿಗೆ ಹಠ ಹಿಡಿಯಲು ಸಮಯವೇ ಸಿಗುವುದಿಲ್ಲ.

ನಾನೂ ಒಂದು ಟ್ರಾನ್ಸಿಸ್ಟರನ್ನು ಹೀಗೇ ಹಠಕ್ಕೆ ಬಿದ್ದು ಗೆದ್ದೆ. ಅಂಥದ್ದೇ ಇನ್ನೊಂದು ಮುಂಬಯಿಯ ಹಳೇ ಸಾಮಾನಿನ ಚೋರ್ ಬಜಾರಿನಲ್ಲಿ ಅರ್ಧ ಬೆಲೆಗೆ ಕೂತಿತ್ತು. ಮನೆಯವಳಿಗೆ ಇನ್ನೂ ಹೇಳಿಲ್ಲ.

ಹುಡುಗನಿಗೆ ಹೇಳಿದ್ದಿಷ್ಟು: ನಾಲ್ಕು ಕಡೆ ಸಿಗುವ ಗಡಿಯಾರವಾದರೆ ಸುಮ್ನೆ ನಿಗದಿ ಬೆಲೆಗೆ ತಗೋ. ಅಪರೂಪದ್ದಾದರೆ ಹರಾಜಿಗೆ ಹೋಗು. ಸಾಗಣೆ ಖರ್ಚೂ ಸೇರಿಸಿ ಮೊತ್ತವನ್ನು ಚೀಟಿಯಲ್ಲಿ ಬರೆದು, ಆ ಚೀಟಿ ಅಮ್ಮನ ಕೈಗೆ ಕೊಡು.