ಲಾಂಡ್‌ಮನ್ನಲೌಗರ್ ಮೊದಲೋ, ಆಸ್ಕ್ಯಾ ಮೊದಲೋ?

ಐಸ್‌ಲ್ಯಾಂಡಿನ ಒಳನಾಡಿನ ಎತ್ತರದ ಬಯಲಿಗೆ ದಾರಿ ತೆರೆಯುವುದು ಬೇಸಿಗೆಯಲ್ಲಿ ಮಾತ್ರ. ಒಂದು ಬೇಸಿಗೆ ಲಾಂಡ್‌ಮನ್ನಲೌಗರ್‌ಗೆ ಹೋದೆ, ಮರುವರ್ಷ ಆಸ್ಕ್ಯಾ ಜ್ವಾಲಾಮುಖಿಗೆ. ಎರಡೂ ಕಡೆ ನಾನು ಹೋದದ್ದು ಜ್ವಾಲಾಮುಖಿಯ ಕಲ್ಲು ನೋಡೋಕೆ.

ದಾರಿ ಸುಲಭ ಇರುವುದು ಲಾಂಡ್‌ಮನ್ನಲೌಗರ್‌ಗೆ. ರೇಕ್ಯಾವಿಕ್‌ನಿಂದ ಬೇಸಿಗೆಯಲ್ಲಿ ಬಸ್ಸೇ ಇದೆ. ಆಸ್ಕ್ಯಾ ದಾರಿಯಲ್ಲಿ ಸೇತುವೆ ಇಲ್ಲದ ಹೊಳೆಗಳು ಸಿಗುತ್ತವೆ. ಉತ್ತರದ ಮೀವಾಟ್ನ್ ಕೆರೆಯ ಕಡೆಯಿಂದ ದೊಡ್ಡ ಗಾಲಿಯ ಟೂರ್ ಗಾಡಿಯಲ್ಲಿ ಹೋದೆ, ಇಡೀ ದಿನ ಹಿಡಿಯಿತು. ಬಾಡಿಗೆ ಜೀಪಿನಲ್ಲಿ ಹೋಗುವವರು ಒಂದು ಮಾತು ಕೇಳಿಕೊಳ್ಳಿ: ಹೊಳೆ ದಾಟುವಾಗ ಎಂಜಿನ್‌ಗೆ ನೀರು ನುಗ್ಗಿದರೆ ಸಾಮಾನ್ಯವಾಗಿ ವಿಮೆ ಸಿಗುವುದಿಲ್ಲ.

ಲಾಂಡ್‌ಮನ್ನಲೌಗರ್‌ನಲ್ಲಿ ಕ್ಯಾಂಪಿನ ಬೆನ್ನಿಗೇ ಲೌಗಹ್ರೌನ್ ಲಾವಾ ಹಾಸು, 1477ರ ಸುಮಾರಿಗೆ ಉಕ್ಕಿದ್ದು. ಸ್ವಲ್ಪ ನಡೆದರೆ ಸಾಕು, ಬೂದು ಬಂಡೆಯ ಒಡೆದ ಮುಖದಲ್ಲಿ ಕಪ್ಪು ಗಾಜು ಕಾಣುತ್ತದೆ. ಅದೇ ಆಬ್ಸಿಡಿಯನ್. ನಾನು ತಲೆ ವಾಲಿಸಿದಂತೆ ಹೊಳಪೂ ಜಾರಿತು. ಅಂಚು ಎಷ್ಟು ಹರಿತ ಅಂದ್ರೆ, ಮುಟ್ಟಲು ಹೋದ ಬೆರಳು ತಾನೇ ಹಿಂದೆ ಬಂತು. ಆಚೆ ರಯೋಲೈಟ್ ಅನ್ನೋ ಜ್ವಾಲಾಮುಖಿ ಕಲ್ಲಿನ ಬೆಟ್ಟಗಳ ಮೈಯಲ್ಲಿ ಹಳದಿ, ಕೆಂಪು, ಹಸಿರು. ಕಾಲು ಸೋತಾಗ ಇಳಿಯೋಕೆ ಬಿಸಿನೀರಿನ ಹೊಂಡವೂ ಇದೆ.

ಆಸ್ಕ್ಯಾದಲ್ಲಿ ನೆಲಕ್ಕೆ ಬಣ್ಣವೇ ಇಲ್ಲ. 1965 ಮತ್ತು 1967ರಲ್ಲಿ ನಾಸಾ ತನ್ನ ಗಗನಯಾತ್ರಿಗಳನ್ನು ಇಲ್ಲಿಗೆ ಕರೆತಂದು ಚಂದ್ರನಿಗೆ ಹೋಗುವ ತಯಾರಿ ಮಾಡಿಸಿತ್ತು. ಗಾಡಿ ನಿಲ್ಲಿಸಿ ಸುಮಾರು ಎರಡೂವರೆ ಕಿಲೋಮೀಟರ್ ನಡೆಯಬೇಕು. 1875ರ ಸ್ಫೋಟದ ನಂತರ ನೆಲ ಕುಸಿದು ಆದ ಕೆರೆ ಓಸ್ಕ್ಯುವಾಟ್ನ್, ಆಳ 200 ಮೀಟರ್‌ಗೂ ಜಾಸ್ತಿ. ಪಕ್ಕದಲ್ಲೇ ವೀತಿ ಕುಳಿ, ಅದರ ನೀರು ಹಾಲು ಬೆರೆಸಿದಂಥ ನೀಲಿ. ಅಷ್ಟು ದೊಡ್ಡ ಬಯಲಿನಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ.

ದಾರಿಯಲ್ಲಿ ಬಿದ್ದಿದ್ದ ಒಂದು ನಸುಬಣ್ಣದ ಕಲ್ಲನ್ನು ಎತ್ತಿಕೊಂಡೆ. ಮುಷ್ಟಿ ತುಂಬುವಷ್ಟು ದೊಡ್ಡದು, ತೂಕವೇ ಇಲ್ಲ! ಮೈತುಂಬ ಸೂಜಿಮೊನೆಯಷ್ಟು ತೂತು. ಅದು ಪ್ಯೂಮಿಸ್, 1875ರಲ್ಲಿ ಸಿಡಿದು ಬಿದ್ದದ್ದು. ಆ ಗಾಜೂ ಈ ಕಲ್ಲೂ ಒಂದೇ ಜಾತಿಯ, ಸಿಲಿಕಾ ಜಾಸ್ತಿ ಇರುವ ಶಿಲಾರಸದಿಂದ ಆದವು. ಒಳಗಿನ ಅನಿಲ ಮೊದಲೇ ಹೊರಟುಹೋಗಿ ಬೇಗ ಆರಿದರೆ ಗಾಜು. ಅನಿಲ ನೊರೆಯೆಬ್ಬಿಸಿ ಸಿಡಿದರೆ ಪ್ಯೂಮಿಸ್. ಇದನ್ನು ಕೈಯಲ್ಲಿ ಹಿಡಿದಾಗಲೇ ಹಿಂದಿನ ವರ್ಷ ನೋಡಿದ್ದು ನನಗೆ ಸರಿಯಾಗಿ ಅರ್ಥವಾಗಿದ್ದು.

ಒಂದೇ ಸಲ ಹೋಗುವವರಿಗೆ ಲಾಂಡ್‌ಮನ್ನಲೌಗರ್ ಅಂತ ಅನುಮಾನವಿಲ್ಲದೆ ಹೇಳುತ್ತೇನೆ, ಕಲ್ಲು ಅಲ್ಲಿ ಅಷ್ಟು ಹತ್ತಿರ ಸಿಗುತ್ತದೆ. ಎರಡೂ ಆಗುತ್ತದೆ ಅಂದ್ರೆ ಆಸ್ಕ್ಯಾವನ್ನು ಕೊನೆಗಿಡಿ, ಗಾಳಿ ತಡೆಯುವ ಜಾಕೆಟ್ ಮರೆಯಬೇಡಿ. ಕಲ್ಲನ್ನು ಮಾತ್ರ ಎತ್ತಿದ ಜಾಗದಲ್ಲೇ ಇಟ್ಟು ಬನ್ನಿ.