ಮಕ್ಕಳ ಜೊತೆ ಕರಾವಳಿ ರಸ್ತೆಗೆ ಹೊರಟಿದ್ದೀರಾ? ಸಂಜೆ ಹೊತ್ತಿನಲ್ಲಿ ಕಡಲಿಗೆ ಇಳಿಸಬೇಡಿ

ಮಗಳ ಹಿಮ್ಮಡಿಯ ಹೊಲಿಗೆ ಇವತ್ತು ಬಿಚ್ಚಿಸಿಕೊಂಡು ಬಂದೆವು. ಐದು ಹೊಲಿಗೆ. ಅವಳಿಗೆ ಒಂಬತ್ತು ವರ್ಷ. ದಸರಾ ರಜೆಯಲ್ಲಿ ಮರವಂತೆಯ ಕಡಲು ಅವಳನ್ನು ಎಳೆದುಕೊಂಡು ಹೋಗುತ್ತಿತ್ತು, ಇಬ್ಬರು ಮೀನುಗಾರರು ಎಳೆದು ತಂದರು. ಆ ಹೊತ್ತಿಗೆ ನಾವು ಅಲ್ಲಿಗೆ ತಲುಪಿದ್ದೇ ನಮ್ಮ ತಪ್ಪು ಲೆಕ್ಕದಿಂದ. ಅದಕ್ಕೇ ಬೆಂಗಳೂರು ಬಿಟ್ಟಲ್ಲಿಂದ ಹೇಳುತ್ತೇನೆ.

ಮೊದಲ ದಿನವೇ ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ಸೂರ್ಯಾಸ್ತಕ್ಕೆ ಮರವಂತೆ, ರಾತ್ರಿ ಮುರುಡೇಶ್ವರದಲ್ಲಿ ರೂಮು. ಐನೂರು ಕಿಲೋಮೀಟರ್ ಮೇಲಾಗುತ್ತದೆ. ಮೊಬೈಲ್ ನಕ್ಷೆ ತೋರಿಸಿದ ಗಂಟೆಗಳನ್ನು ಕೂಡಿಸಿ, ಊಟಕ್ಕೊಂದು ಗಂಟೆ ಸೇರಿಸಿ, ಆಯಿತು ಅಂದುಕೊಂಡೆವು. ಆ ನಕ್ಷೆಗೆ ಐದು ವರ್ಷದ ಮಗನ ಹೊಟ್ಟೆ ಗೊತ್ತಿಲ್ಲ, ಅರ್ಧ ಗಂಟೆಗೊಮ್ಮೆ ಕಾಲು ಚಾಚಬೇಕಾದ ಅತ್ತೆಯ ಮಂಡಿನೋವು ಗೊತ್ತಿಲ್ಲ.

ನಾಲ್ಕಕ್ಕೆ ಹೊರಡಬೇಕಿದ್ದವರು ಹೊರಟಾಗ ಐದೂವರೆ. ಸಕಲೇಶಪುರದಲ್ಲಿ ಮಗನಿಗೆ ಹೊಟ್ಟೆ ತುಂಬ ಪೂರಿ ಸಾಗು ತಿನ್ನಿಸಿ, ಕೈಗೆ ಮೊಬೈಲ್ ಕೊಟ್ಟು ಘಾಟಿ ಇಳಿಸಿದೆವು. ತಿರುವಿನಲ್ಲಿ ತಲೆ ಬಗ್ಗಿಸಿ ಪರದೆ ನೋಡಿದರೆ ದೊಡ್ಡವರಿಗೇ ತಲೆ ಸುತ್ತುತ್ತದೆ. ಮೂರು ಸಲ ವಾಂತಿ ಮಾಡಿದ. ಲಾರಿಗಳ ಸಾಲಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವವರೆಗೆ ಮಗು ಅದರಲ್ಲೇ ಕೂತಿತ್ತು. ಘಾಟಿಗೆ ಮೊದಲು ಒಂದು ಇಡ್ಲಿಯೋ ಒಂದು ಹಿಡಿ ಮಂಡಕ್ಕಿಯೋ ಸಾಕು, ಕಣ್ಣು ರಸ್ತೆಯ ಮೇಲಿರಬೇಕು. ನಮಗೆ ಇದು ಗೊತ್ತಿತ್ತು, ಅವಸರದಲ್ಲಿ ಮರೆತೆವು.

ಮಲ್ಪೆ ಮುಟ್ಟುವಾಗ ಮುಕ್ಕಾಲು ನಾಲ್ಕು. ದ್ವೀಪಕ್ಕೆ ಬೋಟು ಇರಲಿಲ್ಲ. ಮಳೆಗಾಲದಲ್ಲಿ ನಿಲ್ಲಿಸುತ್ತಾರೆಂದು ತಿಳಿದಿತ್ತು. ಆದರೆ ಆಮೇಲೂ ಗಾಳಿ, ಅಲೆ ನೋಡಿಯೇ ಬಿಡುವುದು ಎಂದು ಒಂದು ಫೋನ್ ಮಾಡಿ ಕೇಳಿಕೊಂಡಿರಲಿಲ್ಲ. ಮಗಳು ಆ ದ್ವೀಪದ ಕಲ್ಲುಕಂಬಗಳ ಚಿತ್ರ ಬರೆದು ತಂದಿದ್ದಳು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯದು ಎಂದು ದಾರಿಯುದ್ದಕ್ಕೂ ತಮ್ಮನಿಗೆ ಪಾಠ ಮಾಡಿದ್ದಳು. ಜೆಟ್ಟಿಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ಸುಮ್ಮನಾಗಿಸಲು ನಾನು ಹೇಳಿದೆ: "ಮರವಂತೆಯಲ್ಲಿ ನೀರಿಗೆ ಬಿಡ್ತೀನಿ ಪುಟ್ಟಿ, ಎಷ್ಟು ಬೇಕಾದ್ರೂ ಆಡು."

ಆ ಮಾತು ಕೊಡಬಾರದಿತ್ತು.

ಅಲ್ಲಿಗೆ ಬಂದಾಗ ಆರು ಗಂಟೆ. ನೋಡಿದವರಿಗೆ ಗೊತ್ತು, ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ. ಕಾರು ನಿಲ್ಲಿಸಿ ಹತ್ತು ಹೆಜ್ಜೆ ಇಟ್ಟರೆ ಮರಳು. ಅಷ್ಟು ಹತ್ತಿರವಿರುವುದೇ ಅಪಾಯ. ಟಿಕೆಟ್ ಇಲ್ಲ, ಗೇಟಿಲ್ಲ, ತಡೆಯುವವರಿಲ್ಲ. ನಾವು ನಿಂತ ಕಡೆ ಜೀವರಕ್ಷಕರೂ ಕಾಣಲಿಲ್ಲ. ಸೂರ್ಯ ಮುಳುಗಲು ಹದಿನೈದು ನಿಮಿಷವಿತ್ತು. "ಐದೇ ನಿಮಿಷ, ಕಾಲು ಮಾತ್ರ ತೋಯಿಸಿಕೊಳ್ಳಿ" ಎಂದು ಬಿಟ್ಟೆವು.

ಅಲ್ಲಿ ದಡ ಇಳಿಜಾರು. ಅಲೆ ವಾಪಸಾಗುವಾಗ ಪಾದದಡಿಯ ಮರಳನ್ನೂ ಕೊಂಡೊಯ್ಯುತ್ತದೆ. ಕಡಲ್ಕೊರೆತಕ್ಕೆ ಹಾಕಿದ ಕಲ್ಲುಬಂಡೆಗಳ ಪಕ್ಕದಲ್ಲಿ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತಿತ್ತು. ಸುತ್ತ ಎಲ್ಲ ಕಡೆ ನೊರೆ, ಅಲ್ಲಿ ಮಾತ್ರ ಇಲ್ಲ. "ಅಮ್ಮಾ, ಇಲ್ಲಿ ಅಲೆನೇ ಇಲ್ಲ" ಎಂದು ಮಗಳು ಆ ಕಡೆ ಓಡಿದಳು. ನಾನೂ ಅದನ್ನೇ ಒಳ್ಳೆಯದು ಅಂದುಕೊಂಡೆ.

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ದಡಕ್ಕೆ ಬಂದು ಬಿದ್ದ ನೀರೆಲ್ಲ ವಾಪಸ್ ಹೋಗಲೇಬೇಕಲ್ಲ. ಅದು ಎಲ್ಲೆಡೆ ಸಮನಾಗಿ ಹೋಗುವುದಿಲ್ಲ. ತಗ್ಗು ಇದ್ದಲ್ಲಿ ಒಟ್ಟಾಗಿ ಕಾಲುವೆಯ ಹಾಗೆ ಕಡಲಿನ ಒಳಕ್ಕೆ ನುಗ್ಗುತ್ತದೆ. ಕಲ್ಲಿನ ಗೋಡೆ ಚಾಚಿದ ಕಡೆ ಅದರ ಬದಿಯಲ್ಲೇ ಇಂಥ ಸೆಳೆತ ಹುಟ್ಟುವುದು ಹೆಚ್ಚು. ಅಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯುವುದಿಲ್ಲ. ಅಲೆ ಒಡೆಯದ ಕಡೆ ನಮ್ಮ ಕಣ್ಣಿಗೆ ಕೆರೆಯ ಹಾಗೆ ಕಾಣುತ್ತದೆ. ಮಕ್ಕಳು ಹುಡುಕಿಕೊಂಡು ಹೋಗುವುದು ಅಂಥ ಜಾಗವನ್ನೇ.

ಮೊಣಕಾಲಿನಷ್ಟು ನೀರಿನಲ್ಲಿದ್ದವಳ ಕಾಲು ಒಂದು ಅಲೆಗೆ ಜಾರಿತು. ಎದ್ದಳು. ಇನ್ನೊಂದು ಅಲೆ ಬಂತು, ಏಳಲಿಲ್ಲ. ನೋಡುತ್ತಿದ್ದ ಹಾಗೆ ತಲೆ ಮಾತ್ರ ಕಾಣುವಷ್ಟು ದೂರ ಹೋದಳು. ಕೂಗಲೇ ಇಲ್ಲ. ಮುಳುಗುವವರು ಕೂಗುತ್ತಾರೆ ಅಂದುಕೊಂಡಿದ್ದೆ, ಅವಳಿಂದ ಒಂದು ಸದ್ದೂ ಬರಲಿಲ್ಲ. ನನ್ನ ಗಂಡ ಪ್ಯಾಂಟಿನಲ್ಲೇ ಹಾರಿದರು. ಬೆಂಗಳೂರಿನ ಈಜುಕೊಳದಲ್ಲಿ ಕಲಿತ ಈಜು ಅವರದು. ದಡದ ಕಡೆಗೇ ನೇರ ಈಜಲು ನೋಡಿ, ಇದ್ದಲ್ಲೇ ಕೈ ಬಡಿದು ಸೋತರು. ನಾನು ಮಗನ ಕೈ ಹಿಡಿದು ನಿಂತಿದ್ದೆ. ಬಿಟ್ಟರೆ ಅವನೂ ಅಪ್ಪನ ಹಿಂದೆ ಓಡುತ್ತಾನೆ, ಬಿಡದಿದ್ದರೆ ನಾನು ಹೋಗಲಾರೆ. ಆ ಒಂದೆರಡು ನಿಮಿಷವನ್ನು ಯಾವ ತಾಯಿಗೂ ಬಯಸುವುದಿಲ್ಲ.

ಬಲೆ ಸರಿಮಾಡುತ್ತ ಕೂತಿದ್ದ ಇಬ್ಬರು ನಾವು ಇಳಿದಾಗಲೇ "ಹ್ವಾಯ್, ಅಲ್ಲ್ ಇಳೂಕಾಗ" (ಅಲ್ಲಿ ಇಳಿಯಬಾರದು) ಎಂದು ಕೂಗಿದ್ದರಂತೆ. ಅಲೆಯ ಸದ್ದಿನಲ್ಲಿ ನಮಗೆ ಕೇಳಿಸಿರಲಿಲ್ಲ. ಅವರು ಬಂಡೆಯ ಮೇಲೆ ಓಡಿ ಹಗ್ಗ ಎಸೆದರು. ನನ್ನ ಗಂಡ ಮಗಳನ್ನು ತಬ್ಬಿಕೊಂಡು ಹಗ್ಗ ಹಿಡಿದರು. ಎಳೆಯುವಾಗ ಬಂಡೆಗೆ ಅಂಟಿದ ಚಿಪ್ಪು ತಗಲಿ ಅವಳ ಹಿಮ್ಮಡಿ ಸೀಳಿತು. ದುಡ್ಡು ಕೊಡಲು ಹೋದರೆ ಹಿರಿಯರು ಕೈ ಸರಿಸಿ, ಮೊದಲು ಮಗುವಿಗೆ ಒಣ ಬಟ್ಟೆ ಹಾಕಿ ಎಂದರು. ಬಟ್ಟೆಯ ಬ್ಯಾಗು ಎಲ್ಲ ಲಗೇಜಿನ ಅಡಿಯಲ್ಲಿತ್ತು. ಅತ್ತೆಯ ಶಾಲು ಸುತ್ತಿಕೊಂಡು ಕುಂದಾಪುರಕ್ಕೆ ತಿರುಗಿದೆವು. ರಾತ್ರಿ ಒಂಬತ್ತಕ್ಕೆ ಹೊಲಿಗೆ ಮುಗಿಯಿತು. ಮುರುಡೇಶ್ವರದ ರೂಮಿನ ದುಡ್ಡು ಹೋಯಿತು, ಹೋಗಲಿ.

ಹಾಗೆ ಸೆಳೆತಕ್ಕೆ ಸಿಕ್ಕರೆ ದಡದತ್ತ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ವಾಪಸಾಗಬೇಕು. ಆಗದಿದ್ದರೆ ತೇಲುತ್ತ ಕೈ ಎತ್ತಬೇಕು. ದಡದಲ್ಲಿರುವವರು ಹಾರುವ ಬದಲು ಹಗ್ಗ, ಖಾಲಿ ಕ್ಯಾನು, ಏನಾದರೂ ತೇಲುವುದನ್ನು ಎಸೆಯಿರಿ. 112ಕ್ಕೆ ಕರೆ ಮಾಡಿ. ಇದೆಲ್ಲ ನಾನು ಕಲಿತದ್ದು ಆಮೇಲೆ. ನೀವು ಮನೆ ಬಿಡುವ ಮೊದಲೇ ಮಕ್ಕಳಿಗೂ ಹೇಳಿಕೊಡಿ.

ಆಕಾಶ ತಿಳಿಯಾಗಿದೆ, ಮಳೆ ಮುಗಿದಿದೆ ಎಂದು ಕಡಲನ್ನು ನಂಬಬೇಡಿ. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ಅಲೆ ನಮ್ಮ ದಡಕ್ಕೆ ಬರುವಾಗ ಇಲ್ಲಿ ಗಾಳಿಯೇ ಇಲ್ಲದಿರಬಹುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ, ಹೊರಡುವ ದಿನ ಬೆಳಗ್ಗೆ ನೋಡಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ತೀರಿಕೊಂಡರು. ಅದು ಮಳೆಗಾಲ ಮುಗಿದು ಎಷ್ಟೋ ದಿನಗಳ ಮೇಲೆ. ಆ ಸುದ್ದಿ ಓದಿ ಕಣ್ಣೀರು ಹಾಕಿದವಳೇ ನಾನು, ಆದರೂ ನನ್ನ ಮಗಳನ್ನು ಬಿಟ್ಟೆ.

ಜುಲೈನಲ್ಲಿ ಹೋಗೋಣವೆಂದು ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಮರೆಯುವ ಹಾಗಿಲ್ಲ. ರಸ್ತೆಬದಿಯಲ್ಲಿ ಚಹಾಕ್ಕೆಂದು ನಿಲ್ಲಿಸಿದ ಜಾಗವೇ ಮಣ್ಣಿನಡಿ ಹೋಯಿತು.

ನನಗೆ ಹೆಚ್ಚು ಚುಚ್ಚುವುದು ಇದು: ಮಕ್ಕಳನ್ನು ನೀರಿಗೆ ಬಿಡಬಹುದಾದ ಪಡುಬಿದ್ರಿಯನ್ನು ನಾವು ಮೂರು ಗಂಟೆಗೆ, ನಿಲ್ಲಿಸದೆ ದಾಟಿದ್ದೆವು. ಸ್ವಚ್ಛತೆ, ಸುರಕ್ಷತೆಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ 'ಬ್ಲೂ ಫ್ಲ್ಯಾಗ್' ಪಡೆದ ಅಲ್ಲಿಯ ಕಡಲತೀರದಲ್ಲಿ ಜೀವರಕ್ಷಕರಿರುತ್ತಾರೆ, ಎಲ್ಲಿಯವರೆಗೆ ಇಳಿಯಬಹುದು ಎಂದು ಗುರುತು ಮಾಡಿರುತ್ತಾರೆ. ಹೊನ್ನಾವರದ ಕಾಸರಕೋಡಿನಲ್ಲೂ ಹಾಗೆಯೇ. ಎರಡಕ್ಕೂ 2020ರಲ್ಲಿ ಆ ಮಾನ್ಯತೆ ಸಿಕ್ಕಿದೆ. ಅಲ್ಲಿಯೂ ಬಾವುಟದ ಬಣ್ಣ ನೋಡಿ, ಕೆಂಪಿದ್ದರೆ ಬೇಡ. ಮರವಂತೆಯನ್ನು ರಸ್ತೆ ಬದಿಯಿಂದ ನೋಡಿ. ನೋಡಿದರೇ ಸಾಕು, ಅಷ್ಟು ಚೆಂದವಿದೆ.

ಮೊದಲ ದಿನ ಮಂಗಳೂರು ದಾಟಬೇಡಿ. ಮಕ್ಕಳಿರುವ ಗಾಡಿಗೆ ಘಾಟಿ ಇಳಿದ ದಿನ ಅಷ್ಟೇ ಸಾಕು. ನೀರಾಟ ಮರುದಿನ ಬೆಳಗ್ಗೆ ಇಟ್ಟುಕೊಳ್ಳಿ. ಮಕ್ಕಳೂ ಹುರುಪಾಗಿರುತ್ತಾರೆ, ನಿಮ್ಮ ಕಣ್ಣೂ ಚುರುಕಾಗಿರುತ್ತದೆ. ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್ಲು ಕೈಗೆ ಸಿಗುವ ಹಾಗಿರಲಿ. ದಡದಲ್ಲಿ ಬಲೆ ಹಿಡಿದವರು ಯಾರಾದರೂ ಕಂಡರೆ ಮೊದಲು ಅವರ ಹತ್ತಿರ ಹೋಗಿ ಕೇಳಿ.

ಜನವರಿಯಲ್ಲಿ ಮತ್ತೆ ಹೋಗುತ್ತಿದ್ದೇವೆ. ಉಡುಪಿಯಲ್ಲಿ ಎರಡು ರಾತ್ರಿ, ಬೇರೆ ಎಲ್ಲಿಗೂ ಇಲ್ಲ. ಮಗಳು ಕಲ್ಲುಕಂಬಗಳ ಚಿತ್ರಕ್ಕೆ ಬಣ್ಣ ತುಂಬಿ ಮುಗಿಸಿದ್ದಾಳೆ. ಕಡಲಿನ ಜಾಗವನ್ನು ಮಾತ್ರ ಬಿಳಿಯಾಗಿಯೇ ಬಿಟ್ಟಿದ್ದಾಳೆ.