ಡಾರ್ಟ್, ಎಐ-20, ಗ್ಯಾರೆಟ್: ಮೂರರ ಮೇಲೂ ಕೆಲಸ ಮಾಡಿದವನ ಮಾತು

ವಾಯುಪಡೆಯಲ್ಲಿ ನಾನು ಎಂಜಿನ್ ಫಿಟ್ಟರ್ ಆಗಿದ್ದೆ. ಮೊದಲು ಆವ್ರೊ, ಅದರ ಎಂಜಿನ್ ಡಾರ್ಟ್. ಆಮೇಲೆ ಎಎನ್-32, ಅದರದ್ದು ಎಐ-20. ಕೊನೆಯ ಕೆಲವು ವರ್ಷ ಡಾರ್ನಿಯರ್, ಅದರದ್ದು ಗ್ಯಾರೆಟ್. ಮೂರೂ ಟರ್ಬೊಪ್ರಾಪ್ ವಿಮಾನಗಳೇ. ಮೂರರಲ್ಲೂ ಗಾಳಿ ಒತ್ತುವ ಕಂಪ್ರೆಸರ್, ಬಿಸಿ ಅನಿಲಕ್ಕೆ ತಿರುಗುವ ಟರ್ಬೈನ್ ಒಂದೇ ಶಾಫ್ಟಿನ ಮೇಲೆ ಕೂತು, ಗೇರ್ ಮೂಲಕ ಪ್ರೊಪೆಲ್ಲರ್ ತಿರುಗಿಸುತ್ತವೆ. ಪುಸ್ತಕದಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಕೈಗೆ ಎಣ್ಣೆ ಹತ್ತಿದಾಗಲೇ ಗೊತ್ತಾಗೋದು, ಮೂರರ ಸ್ವಭಾವ ಎಷ್ಟು ಬೇರೆ ಅಂತ. ತಂಗಿಯ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. "ಮಾವ, ಯಾವುದು ಚೆನ್ನಾಗಿತ್ತು?" ಅಂತ ಬಂದಾಗಲೆಲ್ಲ ಕೇಳುತ್ತಾನೆ. ನನ್ನ ಉತ್ತರ ಡಾರ್ಟ್. ಯಾಕೆ ಅಂತ ಹೇಳುತ್ತೇನೆ.

ಆವ್ರೊದಲ್ಲಿದ್ದದ್ದು ರೋಲ್ಸ್-ರಾಯ್ಸ್ ಡಾರ್ಟ್. ಲಿಯೊನೆಲ್ ಹಾವರ್ತ್ ವಿನ್ಯಾಸ ಮಾಡಿದ ಈ ಎಂಜಿನ್ 1946ರಲ್ಲಿ ಮೊದಲ ಸಲ ತಿರುಗಿತು. ಆಗ ಅದರ ತೂಕ ಜಾಸ್ತಿ, ಶಕ್ತಿ ಕಡಿಮೆ. ಅಂದುಕೊಂಡ ಸಾವಿರ ಕುದುರೆಶಕ್ತಿಯೂ ಬಂದಿರಲಿಲ್ಲ. ಪಟ್ಟುಹಿಡಿದು ತಿದ್ದಿದರು. ಮಾರನೇ ವರ್ಷ ಲ್ಯಾಂಕಾಸ್ಟರ್ ಬಾಂಬರ್‌ನ ಮೂತಿಗೆ ಕಟ್ಟಿ ಹಾರಿಸಿ ನೋಡಿದರು. 1948ರಲ್ಲಿ ವೈಕೌಂಟ್ ವಿಮಾನ ಇದರ ಮೇಲೆಯೇ ಹಾರಿತು. 1950ರ ಜುಲೈ 29ರಂದು ಅದೇ ವೈಕೌಂಟ್ ಲಂಡನ್‌ನಿಂದ ಪ್ಯಾರಿಸ್‌ಗೆ ಟಿಕೆಟ್ ಕೊಂಡ ಪ್ರಯಾಣಿಕರನ್ನು ಕರೆದುಕೊಂಡು ಹೋಯಿತು. ಟರ್ಬೈನ್ ಎಂಜಿನ್ ವಿಮಾನದಲ್ಲಿ ಹಾಗೆ ಪ್ರಯಾಣ ಮಾಡಿದ ಮೊದಲಿಗರು ಅವರೇ. ಆಮೇಲೆ ಫೋಕರ್ ಫ್ರೆಂಡ್‌ಶಿಪ್, ಜಪಾನಿನ ವೈಎಸ್-11, ನಮ್ಮ ವಿಕ್ರಾಂತ್ ಹಡಗಿನಿಂದ ಹಾರುತ್ತಿದ್ದ ಅಲಿಝೆ, ಹೀಗೆ ಎಲ್ಲೆಲ್ಲೂ ಡಾರ್ಟ್. 1987ರವರೆಗೆ ತಯಾರಾಗುತ್ತಲೇ ಇತ್ತು. ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ಮೊದಲ ಆವ್ರೊ ಹಾರಿದ್ದು 1961ರ ನವೆಂಬರ್ 1ರಂದು. ಅವುಗಳಿಗೆ ಡಾರ್ಟ್ ತಯಾರಿಸಿಕೊಟ್ಟದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್. ಉತ್ತರದ ಯಾವುದೋ ಹ್ಯಾಂಗರ್‌ನಲ್ಲಿ ನಿಂತು ಕೆಲಸ ಮಾಡುವಾಗ, ಇದು ನಮ್ಮೂರ ಕಡೆಯಿಂದ ಬಂದದ್ದು ಅಂತ ನನಗೆ ಹೆಮ್ಮೆ ಆಗುತ್ತಿತ್ತು.

ಡಾರ್ಟ್‌ನ ಕಂಪ್ರೆಸರ್ ಅಂದರೆ ಒಂದರ ಹಿಂದೆ ಒಂದು ಕೂತ ಎರಡು ದಪ್ಪ ಇಂಪೆಲರ್, ಅಂದರೆ ಗಾಳಿ ಎಸೆಯುವ ಚಕ್ರಗಳು. ಗಾಳಿಯನ್ನು ನಡುವಿನಿಂದ ಎಳೆದುಕೊಂಡು ಅಂಚಿಗೆ ಎಸೆಯುತ್ತವೆ. ಎಐ-20ರಲ್ಲಿ ಇದರ ಬದಲು ಹತ್ತು ಸಾಲು ತೆಳು ಬ್ಲೇಡುಗಳು. ಬರೇ ಲೆಕ್ಕಾಚಾರ ನೋಡಿದರೆ ಬ್ಲೇಡಿನದ್ದೇ ಮೇಲು. ಗಾಳಿಯನ್ನು ಇನ್ನೂ ಹೆಚ್ಚು ಒತ್ತಬಹುದು, ಒಂದೇ ಎಂಜಿನ್‌ನಿಂದ ಜಾಸ್ತಿ ಶಕ್ತಿ ತೆಗೆಯಬಹುದು. ಆದರೆ ರನ್‌ವೇಯ ಕಲ್ಲುಚೂರಿಗೆ ಈ ಲೆಕ್ಕ ಗೊತ್ತಿಲ್ಲ ಅಲ್ವಾ? ಡಾರ್ಟ್‌ಗೆ ಒಮ್ಮೆ ಸಣ್ಣ ಕಲ್ಲು ಹೋಗಿತ್ತು. ಟಾರ್ಚ್ ಹಿಡಿದು ನೋಡಿದರೆ ಇಂಪೆಲರ್ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗುರುತು. ಅಳೆದೆವು, ಮಿತಿಯೊಳಗಿತ್ತು, ಸಂಜೆಗೆ ವಿಮಾನ ಹೊರಟಿತು. ಎಐ-20ರಲ್ಲಿ ಹಾಗಲ್ಲ. ಮೊದಲ ಸಾಲಿನ ಒಂದೊಂದು ಬ್ಲೇಡಿನ ಅಂಚಿಗೂ ಉಗುರು ಸವರಿಕೊಂಡು ಹೋಗಬೇಕು. ಕಣ್ಣಿಗೆ ಕಾಣದ ಕಚ್ಚು ಉಗುರಿಗೆ ಸಿಗುತ್ತದೆ. ಸಿಕ್ಕಿತು ಅಂದರೆ ಅವತ್ತಿನ ಹಾರಾಟ ಹೋಯಿತು ಅಂತಲೇ.

ಕೆಲಸ ಮಾಡುವ ಜಾಗವೂ ಹಾಗೇ. ಆವ್ರೊದ ರೆಕ್ಕೆ ಕೆಳಗಿದೆ. ಸಣ್ಣ ಸ್ಟ್ಯಾಂಡ್ ಇಟ್ಟುಕೊಂಡು ಕೌಲಿಂಗ್, ಅಂದರೆ ಎಂಜಿನ್ ಮುಚ್ಚಳ, ತೆರೆದರೆ ಎಂಜಿನ್ ಎದೆಮಟ್ಟಕ್ಕೆ ಬರುತ್ತದೆ. ಸುತ್ತಲೂ ಇಂಧನ ಉರಿಯುವ ಏಳು ದಹನ ಕ್ಯಾನ್. ಒಂದರಲ್ಲಿ ತೊಂದರೆ ಅಂದರೆ ಅದೊಂದನ್ನೇ ಬಿಚ್ಚಿ ನೋಡಬಹುದು. ಎಎನ್-32ರಲ್ಲಿ ರೆಕ್ಕೆಯೇ ಮೇಲೆ, ಎಂಜಿನ್ ಅದರ ಮೇಲೆ ಕೂತಿದೆ. ದೊಡ್ಡ ಪ್ರೊಪೆಲ್ಲರ್‌ಗೆ ಜಾಗ ಬೇಕಲ್ಲ. ಮೇ ತಿಂಗಳ ಬಿಸಿಲಲ್ಲಿ ಎತ್ತರದ ಸ್ಟ್ಯಾಂಡ್ ಹತ್ತಿ, ಸ್ಪ್ಯಾನರ್ ಕೆಳಗೆ ಬೀಳದ ಹಾಗೆ ಮಣಿಕಟ್ಟಿಗೆ ದಾರ ಕಟ್ಟಿಕೊಂಡು ಕೆಲಸ ಮಾಡಿದ್ದೇನೆ. ಸ್ಪ್ಯಾನರ್ ಬಿದ್ದರೆ ಕೆಳಗಿದ್ದವನ ತಲೆ ಒಡೆಯುತ್ತದೆ.

ಶಕ್ತಿಯ ಮಾತು ಬಂದಾಗ ಮಾತ್ರ ಡಾರ್ಟ್ ಹಿಂದೆ ಬೀಳುತ್ತದೆ. ಅದನ್ನು ಒಪ್ಪಲೇಬೇಕು. ಆವ್ರೊದ ಒಂದು ಎಂಜಿನ್‌ಗೆ ಎರಡು ಸಾವಿರ ಚಿಲ್ಲರೆ ಕುದುರೆಶಕ್ತಿ. ಎಎನ್-32ರದಕ್ಕೆ ಐದು ಸಾವಿರದ ಮೇಲೆ. ಸೆಕೆಗೆ ಗಾಳಿ ತೆಳುವಾದರೆ ಡಾರ್ಟ್ ಸೊರಗುತ್ತದೆ. ಟೇಕಾಫ್‌ಗೆ ನೀರು-ಮೆಥನಾಲ್ ಮಿಶ್ರಣ ಕುಡಿಸಿ ಕಳೆದ ಬಲ ವಾಪಸ್ ತರಬೇಕು. ಲೇಹ್ ವಿಮಾನ ನಿಲ್ದಾಣ ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಗೆ ಸೈನಿಕರು, ತರಕಾರಿ, ಸೀಮೆಎಣ್ಣೆ ಹೊತ್ತು ಏರಲು ಎಎನ್-32ರಂಥದ್ದೇ ಬೇಕು. ಇನ್ನೊಂದು ವಿಷಯ: ಹಾರುವಾಗ ಎಐ-20 ಯಾವಾಗಲೂ ನಿಮಿಷಕ್ಕೆ 12,300 ಸುತ್ತಿನಲ್ಲೇ ತಿರುಗುತ್ತದೆ. ಇಂಧನ ಹೆಚ್ಚಿಸಿದರೆ ತಿರುಗುವ ವೇಗ ಏರುವುದಿಲ್ಲ, ಪ್ರೊಪೆಲ್ಲರ್ ಇನ್ನಷ್ಟು ಗಾಳಿ ಕಚ್ಚುತ್ತದೆ. ಹಾಗಾಗಿ ಬಲ ತಕ್ಷಣ ಸಿಗುತ್ತದೆ. ಡಾರ್ಟ್ 15,000 ಸುತ್ತಿಗೆ ಏರಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ.

ಡಾರ್ನಿಯರ್‌ನ ಗ್ಯಾರೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು 1960ರ ದಶಕದ ಕೂಸು, ಗಾತ್ರವೇ ಬೇರೆ. ಒಳಗೆ 41,000 ಸುತ್ತು, ಹೊರಗೆ 715 ಕುದುರೆಶಕ್ತಿ. ಇದರಲ್ಲೂ ಇಂಪೆಲರ್‌ಗಳೇ ಇರುವುದನ್ನು ನೋಡಿ ನನಗೆ ಖುಷಿಯಾಗಿತ್ತು. ನಿಲ್ಲಿಸಿದ ಮೇಲೆ ಪ್ರೊಪೆಲ್ಲರನ್ನು ಕೈಯಿಂದ ಕೆಲವು ಸಲ ತಿರುಗಿಸಬೇಕು. ಇಲ್ಲದಿದ್ದರೆ ಒಳಗಿನ ಬಿಸಿಗೆ ಶಾಫ್ಟ್ ತುಸು ಬಾಗುತ್ತದೆ.

ಡಾರ್ಟ್‌ನ ದೊಡ್ಡ ದೋಷ ಅದರ ಸೀಟಿ. ನೆಲದ ಮೇಲೆ ಓಡುವಾಗ ಹಲ್ಲು ಜುಮ್ ಅನ್ನುವಷ್ಟು ಚೂಪು. ಇವತ್ತಿಗೂ ರಾತ್ರಿ ಎಲ್ಲ ಸುಮ್ಮನಾದಾಗ ನನ್ನ ಎಡಗಿವಿಯಲ್ಲಿ ಅದೇ ದನಿ.

ಆದರೆ ಅದನ್ನು ನಿಲ್ಲಿಸಿದ ಮೇಲಿನ ಹೊತ್ತು ನನಗೆ ತುಂಬ ಇಷ್ಟ. ಕೈಯಲ್ಲಿ ಗಡಿಯಾರ ಹಿಡಿದು, ಎಂಜಿನ್ ಪೂರ್ತಿ ನಿಲ್ಲಲು ಎಷ್ಟು ಸೆಕೆಂಡ್ ಅಂತ ಎಣಿಸುತ್ತಾ ಒಳಗೆ ಏನಾದರೂ ಉಜ್ಜುವ ಸದ್ದಿದೆಯಾ ಅಂತ ಕಿವಿಗೊಡುತ್ತಿದ್ದೆ. ಡಾರ್ಟ್‌ನ ಎಣ್ಣೆ ಟ್ಯಾಂಕ್ ಗಾಳಿ ಹೋಗುವ ಬಾಯಿಯ ಸುತ್ತಲೂ ಬಳೆಯ ಹಾಗೆ ಇದೆ. ಜನವರಿಯ ಮಂಜಿನಲ್ಲಿ ಪ್ರೊಪೆಲ್ಲರ್ ನಿಂತಿತು ಅಂದರೆ, ನಾವಿಬ್ಬರು ಮೂವರು ಆ ಬಾಯಿಯ ಸುತ್ತ ನಿಂತು ಅಂಗೈ ಒತ್ತಿಕೊಳ್ಳುತ್ತಿದ್ದೆವು. ಚಹಾ ಬರುವವರೆಗೂ ಅದು ಬೆಚ್ಚಗೇ ಇರುತ್ತಿತ್ತು.